ಟೈಪಿಸ್ಟನ ಇಯರ್‌ಬಡ್ಸ್

ಎಲ್ಲಕ್ಕೂ ಮೂಲ ಆ ಡ್ರಾಯರ್. ಲಿಫ್ಟ್ ರಿಪೇರಿ ಕಂಪನಿಯ ಆ ಶಾಖೆಯಲ್ಲಿ ಟೈಪಿಸ್ಟನ ಮೇಜಿಗಿದ್ದ ಡ್ರಾಯರ್ ತೆರೆಯುವಾಗ ಸತಾಯಿಸುತ್ತಿತ್ತು. ಮುಚ್ಚುವಾಗ ಮಾತ್ರ ಯಾರ ಮೇಲೋ ಸಿಟ್ಟಿದ್ದಂತೆ ಧಡಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಆ ಬೆಳಿಗ್ಗೆ ಹತ್ತೂಕಾಲಿಗೆ ಅದು ಹೆಡ್‌ಫೋನಿನ ವೈರನ್ನು ಕಚ್ಚಿ ಎರಡು ತುಂಡು ಮಾಡಿತು.

ಬೇರೆ ದಿನವಾಗಿದ್ದರೆ ಟೈಪಿಸ್ಟ್ ಒಂದು ಟೀ ಕುಡಿದು ಬಂದು ಮುಂದಿನದನ್ನು ಯೋಚಿಸುತ್ತಿದ್ದ. ಅವತ್ತು ಅದಕ್ಕೆ ಪುರುಸೊತ್ತಿರಲಿಲ್ಲ. ಅವರ ಮ್ಯಾನೇಜರ್ ಪೆನ್ನು ಹಿಡಿಯುವುದು ಸಹಿಗೆ ಮಾತ್ರ. ಮಿಕ್ಕಿದ್ದೆಲ್ಲವನ್ನೂ ಮೊಬೈಲ್ ಬಾಯಿಗೆ ಹಿಡಿದು, ಕೋಣೆಯಲ್ಲಿ ಶತಪಥ ಹಾಕುತ್ತ, ಕಾಮಾ ಫುಲ್‌ಸ್ಟಾಪ್ ಸಮೇತ ಹೇಳಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಇವನು ಟೈಪ್ ಮಾಡಬೇಕು. ಅವತ್ತು ಬಂದದ್ದು ನಲವತ್ತು ನಿಮಿಷದ ವರದಿ. ಮೂರು ಗಂಟೆಗೆ ಹೆಡ್ ಆಫೀಸಿನ ದೊಡ್ಡ ಮೇಡಂ ತಪಾಸಣೆಗೆ ಬರುವಷ್ಟರಲ್ಲಿ ಅದು ಸಿದ್ಧವಿರಬೇಕಿತ್ತು.

"ಮುಗಿಸಿ ಕೊಡಿ, ನಾಳೆ ರಜೆ ನಿಮ್ದು," ಎಂದಿದ್ದರು ಮ್ಯಾನೇಜರ್.

ಆ ರಜೆ ಅವನಿಗೆ ಬೇಕೇ ಬೇಕಿತ್ತು. ನಾಳೆ ಮಗಳ ಶಾಲೆಯಲ್ಲಿ ನಾಟಕ. ಎಂಟು ವರ್ಷದ ಹುಡುಗಿಗೆ ಬೀದಿದೀಪದ ಪಾತ್ರ. ಮಾತಿಲ್ಲ, ತಲೆಗೆ ಟಾರ್ಚ್ ಕಟ್ಟಿಕೊಂಡು ಮುಕ್ಕಾಲು ಗಂಟೆ ಅಲ್ಲಾಡದೆ ನಿಲ್ಲಬೇಕು. ಹೋದ ವರ್ಷ ಅವಳು ಬಾಗಿಲಾಗಿದ್ದಳು, ಅದರ ಹಿಂದಿನ ವರ್ಷ ಮೋಡ. ಎರಡನ್ನೂ ಅಪ್ಪ ನೋಡಿರಲಿಲ್ಲ. "ಈ ಸಲ ನೀನು ಮೂರನೇ ಸಾಲಲ್ಲಿ ಕೂತ್ಕೋ ಅಪ್ಪ. ನಿನ್ನನ್ನೇ ನೋಡ್ತಾ ನಿಂತ್ರೆ ನಾನು ಅಲ್ಲಾಡಲ್ಲ," ಎಂದು ಮೊನ್ನೆ ಹೇಳಿದ್ದಳು. ಆ ಮಾತು ಅವನ ಕರುಳಿಗೆ ತಾಗಿತ್ತು. ಅವತ್ತಿನಿಂದ ರಜೆ ಅರ್ಜಿಯನ್ನು ತುಂಬಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದ.

ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಆಫೀಸಿನ ರೆಕಾರ್ಡಿಂಗನ್ನು ಸ್ವಂತ ಫೋನಿಗೆ ಹಾಕಿಕೊಳ್ಳಕೂಡದೆಂದು ಮ್ಯಾನೇಜರ್ ಗೋಡೆಗೆ ನೋಟಿಸ್ ಅಂಟಿಸಿದ್ದರು. ಆದರೆ ಊಟದ ಚೀಲದಲ್ಲಿ ಭಾವಮೈದ ಕೊಟ್ಟ ಇಯರ್‌ಬಡ್ಸ್ ಇದ್ದವು. ದಿನಾ ಬಸ್ಸಿನಲ್ಲಿ ಫೋನಿನ ಹಾಡು ಕೇಳಿಸುವ ವಸ್ತು ಕಂಪ್ಯೂಟರಿನ ಮಾತು ಕೇಳಿಸಲಾರದೇ ಎಂದುಕೊಂಡು ಅವುಗಳ ಡಬ್ಬಿ ತೆರೆದ.

ಕಂಪ್ಯೂಟರ್ ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಅದಕ್ಕೆ ಬ್ಲೂಟೂತೇ ಇಲ್ಲ ಮಾರಾಯ್ರೇ," ಎಂದ ಸ್ಟೋರ್‌ಕೀಪರ್, ಕರೆಯದೇ ಬಂದು ಹಿಂದೆ ನಿಂತು. ಅವನಿಗೆ ಗೊತ್ತಿಲ್ಲದ ವಿಷಯ ಆ ಕಟ್ಟಡದಲ್ಲಿ ಇರಲಿಲ್ಲ. ಇದ್ದರೂ ಅವನು ಒಪ್ಪುತ್ತಿರಲಿಲ್ಲ. "ಉಗುರಿನಷ್ಟು ಸಣ್ಣದೊಂದು ಬರತ್ತೆ, ಹಿಂದೆ ಚುಚ್ಚಿದ್ರಾಯ್ತು. ನನ್ನ ಹತ್ರ ಎರಡಿವೆ."

"ಒಂದು ಕೊಡಿ ಮತ್ತೆ."

"ಇಂಡೆಂಟ್ ಬರೀರಿ. ಮ್ಯಾನೇಜರ್ ಸಹಿ ಬೇಕು."

ಮ್ಯಾನೇಜರ್ ಕಾರಿಡಾರಿನ ಕೊನೆಯ ಮೀಟಿಂಗ್ ಹಾಲಿನಲ್ಲಿ ಕುರ್ಚಿಯ ಮೇಲೆ ನಿಂತು ಪರದೆ ಸರಿಮಾಡುತ್ತಿದ್ದರು. ಮೇಡಂಗೆ ಕಂಪನಿಯ ವಿಡಿಯೋ ತೋರಿಸಲೆಂದು ತರಿಸಿದ್ದ ಹೊಸ ಸ್ಪೀಕರ್ ಆಗಲೇ ನೀಲಿ ದೀಪ ಹಚ್ಚಿಕೊಂಡು ಮೇಜಿನ ಮೇಲೆ ಕೂತಿತ್ತು. "ಪರದೆ ಎಡಗಡೆ ಇಳಿದಿದೆಯಾ ನೋಡಿ," ಎಂದರು. ಟೈಪಿಸ್ಟ್ ನೋಡಿದ. ಬಲಗಡೆಯೂ ನೋಡಿದ. ಸಹಿ ಸಿಗುವಾಗ ಹನ್ನೆರಡೂವರೆ.

ಉಗುರಿನಷ್ಟು ಸಣ್ಣದನ್ನು ಚುಚ್ಚಿದರೂ ಇಯರ್‌ಬಡ್ಸ್ ಕಾಣಿಸಲಿಲ್ಲ. ಪತ್ರಗಳಿಗೆ ನಂಬರು ಹಾಕುವ, ಇಡೀ ಆಫೀಸು ಟಪಾಲಕ್ಕ ಎಂದು ಕರೆಯುವ ಹೆಂಗಸು ತನ್ನ ಮೇಜಿನಿಂದಲೇ ಹೇಳಿದಳು: "ಅವು ನಿಮ್ಮ ಫೋನಿಗೆ ಅಂಟ್ಕೊಂಡಿವೆ. ಮೊದ್ಲು ಅಲ್ಲಿಂದ ಬಿಡಿಸಿ. ನಮ್ಮನೇವ್ರದ್ದೂ ಇದೇ ಕತೆ."

ಟೈಪಿಸ್ಟ್ ಫೋನಿನ ಬ್ಲೂಟೂತ್ ಆರಿಸಹೋದ. ಸ್ಟೋರ್‌ಕೀಪರ್ ತಡೆದ. "ಅದನ್ನ ನಂಬಕ್ಕಾಗಲ್ಲ, ಕಳ್ಳತನದಲ್ಲಿ ಮತ್ತೆ ಕೂಡ್ಕೊಳ್ಳತ್ತೆ. ಫೋನನ್ನೇ ಆಫ್ ಮಾಡಿ ಡ್ರಾಯರ್‌ನಲ್ಲಿ ಹಾಕಿ."

ಹಾಗೇ ಮಾಡಿದ. ಡ್ರಾಯರ್ ಧಡಕ್ಕೆಂದಿತು.

ಆಮೇಲೆ ಡಬ್ಬಿಯ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬ ಚರ್ಚೆ ನಡೆಯಿತು. ಟಪಾಲಕ್ಕ ಮೂರು ಸೆಕೆಂಡ್ ಎಂದಳು, ಸ್ಟೋರ್‌ಕೀಪರ್ ಹತ್ತು ಎಂದ. ಟೈಪಿಸ್ಟ್ ಇಬ್ಬರಿಗೂ ಬೇಜಾರಾಗದಂತೆ ಆರು ಸೆಕೆಂಡ್ ಒತ್ತಿದ, ಏನೂ ಆಗಲಿಲ್ಲ. ಊಟ ಬಿಟ್ಟು ಒತ್ತಿ ಒತ್ತಿ ಹೆಬ್ಬೆರಳು ಕೆಂಪಾದ ಮೇಲೆ, ಎರಡೂಕಾಲಿಗೆ ಕಂಪ್ಯೂಟರಿನ ಪರದೆಯ ಮೇಲೆ ಹೆಸರುಗಳು ಮೂಡಿದವು. ಒಂದು ಬಿಟಿ ೪೧, ಇನ್ನೊಂದು ಬಿಟಿ ೪೧ ಮ್ಯಾಕ್ಸ್.

"ನಂದು ಯಾವ್ದು?"

"ಉದ್ದ ಹೆಸರಿಂದು," ಎಂದ ಸ್ಟೋರ್‌ಕೀಪರ್, ಒಂದಿಷ್ಟೂ ಯೋಚಿಸದೆ. "ಭಾವಮೈದ ಕೊಟ್ಟಿದ್ದಲ್ವಾ? ಅಕ್ಕನ ಗಂಡನಿಗೆ ಯಾರಾದ್ರೂ ಸಾಧಾರಣದ್ದು ಕೊಡ್ತಾರಾ?"

ಟೈಪಿಸ್ಟ್ ಮ್ಯಾಕ್ಸ್ ಒತ್ತಿದ. ಕನೆಕ್ಟ್ ಆಗಿದೆ ಎಂದಿತು ಕಂಪ್ಯೂಟರ್. ಅಷ್ಟರಲ್ಲಿ ಮೇಡಂ ಅರ್ಧ ಗಂಟೆ ಮೊದಲೇ ಬಂದರೆಂಬ ಸುದ್ದಿ ಬಂದು, ಇವನೊಬ್ಬನನ್ನು ಬಿಟ್ಟು ಎಲ್ಲರೂ ಹಾಲಿಗೆ ಓಡಿದರು.

ಅವನು ಎರಡೂ ಬಡ್ಸ್ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡು ರೆಕಾರ್ಡಿಂಗ್ ಹಾಕಿದ. ನಿಶ್ಶಬ್ದ. ಸೌಂಡು ಹೆಚ್ಚಿಸಿದ. ಪೂರ್ತಿ ಏರಿಸಿದ. ಟಪಾಲಕ್ಕನ ಮೇಜಿನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು; ಅದೂ ಅವನಿಗೆ ಕೇಳಿಸಲಿಲ್ಲ. ಶುರುವಿನಲ್ಲಿ ಮ್ಯಾನೇಜರ್ ಮೌನವಾಗಿ ಯೋಚಿಸುತ್ತಿರಬಹುದೆಂದು ರೆಕಾರ್ಡಿಂಗಿನ ಕೊನೆಗೆ ಎಳೆದ. ಅಲ್ಲೂ ಇಲ್ಲ. ಆ ಕೊನೆಯ ತುಂಡನ್ನೇ ಹಿಂದಕ್ಕೆಳೆದು ಮತ್ತೆ ಹಾಕಿದ, ಇನ್ನೊಮ್ಮೆ ಹಾಕಿದ.

ಅತ್ತ ಹಾಲಿನಲ್ಲಿ ಮ್ಯಾನೇಜರ್ ಮೇಡಂಗೆ ನಮಸ್ಕಾರ ಹೇಳಿ ಬಾಯಿ ಮುಚ್ಚಿದ್ದರು. ಆದರೂ ಅವರ ದನಿ ನಿಲ್ಲಲಿಲ್ಲ. "ಈ ಮೂರು ತಿಂಗಳಲ್ಲಿ ನಲವತ್ತೊಂದು ಲಿಫ್ಟ್‌ಗಳು ಕಾಮಾ," ಎಂದಿತು ಮೇಜಿನ ಮೇಲಿನ ಸ್ಪೀಕರ್. ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿದರು. ಸ್ಪೀಕರ್ ಒಮ್ಮೆ ಕೆಮ್ಮಿ ನೆಟ್ಟಗೆ ಕೊನೆಗೆ ಹಾರಿತು. ಬೆಳಿಗ್ಗೆ ಮ್ಯಾನೇಜರ್ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು, ಮೇಜಿನ ಫೋನಿನಲ್ಲಿ ಗೆಳೆಯನ ಜೊತೆ ಹರಟಿದ್ದ ಜಾಗ ಅದು.

"ರಜೆನಾ? ಕೊಡ್ತೀನಿ ಅಂದಿದೀನಿ, ಅಷ್ಟೆ. ಆಸೆ ಇದ್ರೆ ಬೇಗ ಟೈಪ್ ಮಾಡ್ತಾನೆ. ಸಂಜೆ ಆಗಲ್ಲ ಅಂದ್ರಾಯ್ತು. ಮೇಡಂ ವಿಷ್ಯ ಬಿಡಯ್ಯ, ಆಯಮ್ಮನಿಗೆ ಲಿಫ್ಟ್ ಅಂದ್ರೆ ಬಟನ್ ಒತ್ತೋದಷ್ಟೇ ಗೊತ್ತು."

ಮ್ಯಾನೇಜರ್ ಸ್ಪೀಕರಿನ ಮೇಲೆ ಬಿದ್ದರು. ಆರಿಸುವ ಸ್ವಿಚ್ಚು ಸಿಗಲಿಲ್ಲ. ಅದೇ ಮಾತು ಎರಡನೇ ಸಲ ಬಂತು. ಮೂರನೇ ಸಲ ಬರುವಾಗ ಅವರು ಕೋಟು ಬಿಚ್ಚಿ ಅದರ ಮೇಲೆ ಮುಚ್ಚಿದ್ದರು, ಆದರೂ ಸ್ಪಷ್ಟವಾಗಿಯೇ ಕೇಳಿಸಿತು.

ಸ್ಟೋರ್‌ಕೀಪರ್ ಓಡಿ ಬಂದು ಟೈಪಿಸ್ಟನ ಕಿವಿಯಿಂದ ಬಡ್ ಕಿತ್ತ. "ಮೇಡಂ ಕರೀತಿದಾರೆ."

ತನ್ನ ಕತೆ ಮುಗಿಯಿತೆಂದೇ ಟೈಪಿಸ್ಟ್ ಹಾಲಿಗೆ ಹೋದ. ಏನಾಯಿತೆಂದು ಸ್ಟೋರ್‌ಕೀಪರ್ ದಾರಿಯಲ್ಲಿ ಹೇಳಿದ್ದ. "ತಪ್ಪಾಯ್ತು ಮೇಡಂ. ನನಗೆ ಏನೂ ಕೇಳಿಸ್ಲಿಲ್ಲ."

"ನಮಗೆ ಕೇಳಿಸ್ತು," ಎಂದರು ಮೇಡಂ. "ನಾಳೆ ಏನಿದೆ ನಿಮಗೆ?"

"ಮಗಳ ನಾಟಕ. ಅವಳು ಬೀದಿದೀಪ."

ಅವನು ಜೇಬಿನಿಂದ ಅರ್ಜಿ ತೆಗೆದ. ಮೇಡಂ ಕೈ ಚಾಚಿ ಅದನ್ನು ಇಸಿದುಕೊಂಡು ಮ್ಯಾನೇಜರ್ ಮುಂದಿಟ್ಟರು. ಮ್ಯಾನೇಜರ್ ಹಲ್ಲುನೋವಿನವರಂತೆ ನಗುತ್ತ ಸಹಿ ಹಾಕಿದರು.

"ಈಗಲೇ ಮನೆಗೆ ಹೋಗಿ ಬೇಕಾದ್ರೆ. ವರದಿ ನಿಧಾನಕ್ಕೆ ಬರಲಿ," ಎಂದರು ಮೇಡಂ. ಆಗ ಮೂರೂಕಾಲು.

ಟೈಪಿಸ್ಟನ ಕಣ್ಣು ಒದ್ದೆಯಾಯಿತು. ಇಷ್ಟು ಒಳ್ಳೆಯವರನ್ನು ವರದಿಯಿಲ್ಲದೆ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಸ್ಟೋರ್‌ಕೀಪರ್ ಈ ಸಲ ಸಣ್ಣ ಹೆಸರನ್ನು ಒತ್ತಿಕೊಟ್ಟ. ಮ್ಯಾನೇಜರ್ ದನಿ ಕಿವಿಯೊಳಗೇ ಕೂತು ಮಾತಾಡಿದಷ್ಟು ಚೆನ್ನಾಗಿ ಕೇಳಿಸಿತು. ಟೈಪಿಸ್ಟ್ ಒಂದು ಕಾಮಾ ಬಿಡದೆ, ಐದೂವರೆಗೆ ಮುಗಿಸಿ, ಮೇಡಂ ಕೈಯಲ್ಲೇ ಕೊಟ್ಟು, ಡ್ರಾಯರ್ ಜೊತೆ ಗುದ್ದಾಡಿ ಫೋನು ತೆಗೆದುಕೊಂಡು ಬಸ್ ಸ್ಟಾಪಿಗೆ ಬಂದ.

ಬಡ್ಸ್ ಕಿವಿಗಿಟ್ಟು ಫೋನ್ ಆನ್ ಮಾಡಿದ. ಗುಂಡಿ ಒತ್ತಿಸಿಕೊಳ್ಳದೆ, ಹೆಸರು ಕೇಳದೆ, ಅವು ತಾವಾಗಿಯೇ ಫೋನಿಗೆ ಕೂಡಿಕೊಂಡವು. ಆಮೇಲೆ ಹೆಂಡತಿಯ ಹನ್ನೊಂದು ಮಿಸ್ಡ್ ಕಾಲ್ ಬಂದವು. ಅವಳ ಮೆಸೇಜು ಒಂದೂವರೆಯದು: "ನಾಳೆ ಶಾಲೆಲಿ ಕರೆಂಟ್ ಇರಲ್ವಂತೆ. ನಾಟಕ ಇವತ್ತೇ ನಾಲ್ಕು ಗಂಟೆಗೆ. ಅರ್ಧ ದಿನ ರಜೆ ಕೇಳಿ ಬನ್ನಿ." ಎರಡೂಮುಕ್ಕಾಲಿನದು: "ಆಫೀಸ್ ಫೋನೂ ಯಾರೂ ಎತ್ತಲ್ಲ. ಎಲ್ಲಿದೀರಿ?"

ಶಾಲೆ ಆಫೀಸಿನಿಂದ ಎರಡು ಸ್ಟಾಪ್ ದೂರ.

ಕೊನೆಯಲ್ಲಿ ಮಗಳ ದನಿಯ ಒಂದು ಮೆಸೇಜಿತ್ತು. ಅದನ್ನು ಒತ್ತಿದ. ಎರಡೂ ಕಿವಿಯಲ್ಲಿ ಅವಳು ಪಕ್ಕದಲ್ಲೇ ನಿಂತಂತೆ ಮಾತಾಡಿದಳು.

"ಅಪ್ಪ, ಮೂರನೇ ಸಾಲಲ್ಲಿ ಯಾರೋ ಮಾಮ ಕೂತಿದ್ರು. ನೀನು ಅಂದ್ಕೊಂಡು ಅವರನ್ನೇ ನೋಡ್ತಾ ನಿಂತೆ. ಅಲ್ಲಾಡಲಿಲ್ಲ. ನಾಳೆ ರಜೆ ಹಾಕ್ಬೇಡ ಆಯ್ತಾ, ಮುಂದಿನ ವರ್ಷಕ್ಕೆ ಇಟ್ಕೋ. ನಾನು ಮರ ಅಂತೆ."

ಅವನು ಅದನ್ನು ಇನ್ನೊಂದು ಸಲ ಹಾಕಿಕೊಂಡ. ಅಷ್ಟರಲ್ಲಿ ಬಸ್ಸು ಬಂದು ನಿಂತು, ಎರಡು ಸಲ ಹಾರ್ನ್ ಹೊಡೆದು ಹೋಯಿತು. ಅದು ಅವನಿಗೆ ಕೇಳಿಸಲಿಲ್ಲ.