ನಮ್ಮ ಕಾಕಾ ಹುಡುಕಿದ ಪಡಸಾಲೆ

ಬೈಲಹೊಂಗಲದಲ್ಲಿ ನಮ್ಮ ಕಾಕಾ ಚಪ್ಪಾಳೆ ತಟ್ಟದ ಮನೆಯೊಂದು ಉಳಿದಿದ್ದರೆ, ಅದನ್ನು ಇನ್ನೂ ಕಟ್ಟಿಲ್ಲ ಎಂದೇ ತಿಳಿಯಬೇಕು. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಪಡಸಾಲೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ, ತಲೆ ವಾರೆ ಮಾಡಿ, ಕಿವಿಗೊಟ್ಟು ನಿಲ್ಲುತ್ತಿದ್ದರು. "ಆರಾಮ ಅದೀರೇನ್ರಿ?" ಎಂಬ ಮಾತೆಲ್ಲ ಆಮೇಲೆ. ಊರ ಜನ ಇದನ್ನು ಹುಚ್ಚು ಎನ್ನುತ್ತಿದ್ದರು. ಹುಚ್ಚಾಗಿದ್ದರೆ ಔಷಧವಾದರೂ ಇರುತ್ತಿತ್ತಲ್ಲ! ಇದು ರೆಕಾರ್ಡಿಂಗು.

ಕಾಕಾನದು ಕಾಳುಕಡಿ ವ್ಯಾಪಾರ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಂಗಡಿ ಕೆಲಸಕ್ಕೆಂದು ಒಂದು ಕಂಪ್ಯೂಟರ್ ತಂದರು. ಅದು ಅಂಗಡಿಯ ಮುಖವನ್ನೇ ನೋಡದೆ ನೇರವಾಗಿ ಮನೆಯ ಹಿಂದಿನ ಕೋಣೆ ಸೇರಿತು. ಅದರ ಬೆನ್ನಿಗೆ ಮೈಕು, ಹೆಡ್‌ಫೋನು ಬಂದವು. ಹೊರಗಿನ ಸಪ್ಪಳ ಬರಬಾರದೆಂದು ಮನೆಯಲ್ಲಿದ್ದ ಕೌದಿಗಳೆಲ್ಲ ಆ ಕೋಣೆಯ ಗೋಡೆಗೆ ಏರಿದವು. "ಗ್ವಾಡಿ ಬೆಚ್ಚಗ ಮಲಗತಾವ, ನಾವು ನಡಗತೇವಿ" ಎಂದು ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಂದವರೆದುರೆಲ್ಲ ಹೇಳುತ್ತಿದ್ದಳು.

ಉದ್ದೇಶವೇನೋ ಒಳ್ಳೆಯದೇ. ಕಾಕಾನ ಅಕ್ಕ, ನನ್ನ ಸೋದರತ್ತೆ, ಸೋಬಾನ ಪದಕ್ಕೆ ಹೆಸರಾದವರು. ನಮ್ಮ ಬಳಗದಲ್ಲಿ ಮದುಮಗಳಿಗೆ ಅರಿಷಿಣ ಹಚ್ಚಬೇಕೆಂದರೆ ಮೊದಲ ಕರೆ ಇವರಿಗೇ. ಇತ್ತೀಚೆಗೆ ಅವರಿಗೆ ದಮ್ಮು ಹತ್ತಿಕೊಂಡಿತ್ತು. ದನಿ ಇರುವಾಗಲೇ ಆ ಪದಗಳನ್ನು ಸಿಡಿಯಲ್ಲಿ ಹಿಡಿದಿಡಬೇಕು, ಅದೂ ತಾವು ಚಿಕ್ಕವರಿದ್ದಾಗ ರಾಮದುರ್ಗದ ಮನೆಯಲ್ಲಿ ಕೇಳಿದ ಹಾಗೆಯೇ ಹಿಡಿದಿಡಬೇಕು ಎಂಬುದು ಕಾಕಾನ ಹಟ. "ಅಕ್ಕ ಒಂದು ಸಾಲು ಹಾಡಿದ್ಲಂದ್ರ ಆ ಪಡಸಾಲಿ ಅದನ್ನ ತಿರುಗಿ ಹಾಡತಿತ್ತಪಾ" ಎನ್ನುತ್ತಿದ್ದರು. ಆ ಮನೆಯನ್ನು ಕೆಡವಿ ಯಾರೋ ಅಂಗಡಿಸಾಲು ಕಟ್ಟಿ ಎಷ್ಟೋ ಕಾಲವಾಗಿತ್ತು.

ಅತ್ತೆಯ ಜೊತೆ ದನಿಗೂಡಿಸಲು ಓಣಿಯ ಹೆಂಗಸರು ಬಂದರೆ, ಮೈಕಿನ ಮುಂದೆ ಸೀನುತ್ತಾರೆ, ಸೊಸೆಯಂದಿರ ಮಾತು ತೆಗೆಯುತ್ತಾರೆ ಎಂದು ಕಾಕಾ ಅವರಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು. ಅತ್ತೆ ಒಬ್ಬರೇ ಕುಳಿತು ಒಂದು ಮಧ್ಯಾಹ್ನದಲ್ಲಿ ಹಾಡಿ ಮುಗಿಸಿದರು. ಅದಕ್ಕೆ ತಕ್ಕ ಮಾರ್ದನಿ ಆರಿಸುವುದರಲ್ಲಿ ವರ್ಷ ದಾಟಿತು.

ಹುಬ್ಬಳ್ಳಿಯಿಂದ ಯಾರೋ ಪುಣ್ಯಾತ್ಮರು ಒಂದು ಸಿಡಿ ತಂದುಕೊಟ್ಟಿದ್ದರು, ಅದರ ತುಂಬ ಪ್ಲಗ್-ಇನ್. ಅಂದರೆ ರೆಕಾರ್ಡ್ ಮಾಡಿದ ದನಿಗೆ ಕಂಪ್ಯೂಟರಿನಲ್ಲೇ ಒಗ್ಗರಣೆ ಹಾಕುವ ಸಣ್ಣ ಸಣ್ಣ ಪ್ರೋಗ್ರಾಮುಗಳು. ಒಂದು ದನಿಯನ್ನು ದಪ್ಪ ಮಾಡುತ್ತದೆ, ಒಂದು ತೆಳ್ಳಗೆ. ಉಳಿದವೆಲ್ಲ ಮಾರ್ದನಿಯವು: ದೊಡ್ಡ ಹಾಲ್, ಸಣ್ಣ ಕೋಣೆ, ಚರ್ಚು, ಗುಹೆ. ನಾನು ಕೆಲಸ ಮುಗಿಸಿ ಸುಸ್ತಾಗಿ ಬಂದರೆ ಸಾಕು, ಹೆಡ್‌ಫೋನು ನನ್ನ ತಲೆಯ ಮೇಲೆ.

"ಇದು ಛಲೋ ಐತೋ, ಇದೋ?"

"ಎರಡೂ ಒಂದ ಅದಾವಲ್ರಿ ಕಾಕಾ."

"ಕಿವಿ ಕೇಳಾಕ ಅದಾವೋ, ಬರೇ ಚಾಳೀಸು ಸಿಗಸಾಕ ಇಟಗೊಂಡೀಯೋ?"

ಚರ್ಚಿನ ಮಾರ್ದನಿ ನನಗೆ ಹಿತವಾಗಿಯೇ ಕೇಳಿಸಿತ್ತು. "ನಮ್ಮಕ್ಕ ಚರ್ಚಿನ್ಯಾಗ ಯಾವಾಗ ಅರಿಷಿಣ ಹಚ್ಚಿದ್ಲು?" ಎಂದು ಅದನ್ನು ತೆಗೆದರು. ಗುಹೆ ಹಾಕಿದೊಡನೆ "ಇಲ್ಲಿ ಯಾರ ಮದುವಿ, ಕರಡೀದೇನು?" ಎಂದು ತಾವೇ ಸಿಟ್ಟಾದರು. ನಾನೇನು ಆ ಕರಡಿಯ ಬೀಗನೇ?

ಸಿಡಿಯಲ್ಲಿ ಸಿಗದ್ದನ್ನು ಊರಲ್ಲಿ ಹುಡುಕೋಣ ಎಂದು ಹೊಳೆದದ್ದು ಆಗ. ರಾಮದುರ್ಗದ ಮನೆಯಂಥದೇ ಪಡಸಾಲೆ ಸಿಕ್ಕರೆ ಅದರ ದನಿಯನ್ನು ಕಿವಿಯಲ್ಲಿ ತುಂಬಿಕೊಂಡು ಬಂದು ಪ್ಲಗ್-ಇನ್ ಹೊಂದಿಸಬಹುದಂತೆ. ಚಪ್ಪಾಳೆ ಶುರುವಾಯಿತು. ಸ್ಕೂಟರ್ ನಡೆಸುವವನು ನಾನು. ಕಿತ್ತೂರಿನ ಕೋಟೆಯಲ್ಲಿ ತಟ್ಟಿದಾಗ ಪಾರಿವಾಳ ಎದ್ದವು, ಮಾರ್ದನಿ ಏಳಲಿಲ್ಲ. ಸವದತ್ತಿಯಲ್ಲಿ ಸಾವಾದ ಮನೆಗೆ ಮಾತಾಡಿಸಿ ಬರಲು ಹೋದಾಗ ಅಂಜಿಕೆಯಿಂದ ನಾನು ಕಾಕಾನ ಎರಡೂ ಕೈ ಹಿಡಿದುಕೊಂಡೇ ಕುಳಿತಿದ್ದೆ. ಕಾಕಾನ ಮೇಲೆ ಎಂಥ ಜೀವ ಈ ಹುಡುಗನಿಗೆ ಎಂದು ಅಲ್ಲಿಯವರು ಇನ್ನಷ್ಟು ಕಣ್ಣೊರೆಸಿಕೊಂಡರು.

ನೇಸರಗಿಗೆ ನನಗೆ ಕನ್ಯೆ ನೋಡಲು ಹೋದಾಗ ಕೈ ಹಿಡಿಯುವುದು ಮರೆತೆ. ಹುಡುಗಿ ಚಹಾ ತರುವುದಕ್ಕೂ ಕಾಕಾ ತಟ್ಟುವುದಕ್ಕೂ ಸರಿಹೋಯಿತು. ಇದು ನಮ್ಮ ಮನೆತನದ ಶಾಸ್ತ್ರವಿರಬೇಕೆಂದು ಹುಡುಗಿಯ ಅಜ್ಜ ತಾವೂ ಮರ್ಯಾದೆಯಿಂದ ಒಂದು ತಟ್ಟಿದರು. ಅವರನ್ನು ನೋಡಿ ಬೀಗರೆಲ್ಲ ತಟ್ಟಿದರು. "ಒಬ್ಬೊಬ್ಬರ ತಟ್ರಿ, ಏನೂ ತಿಳೀವಲ್ದು" ಎಂದು ಕಾಕಾ ರೇಗಿದರು. ಆ ಸಂಬಂಧ ಕೂಡಿಬಂದು ಅವಳೇ ನನ್ನ ಹೆಂಡತಿಯಾದಳು. ಪಡಸಾಲೆ ಮಾತ್ರ ಕಾಕಾನ ಮನಸ್ಸಿಗೆ ಬರಲಿಲ್ಲ.

ಅಷ್ಟರಲ್ಲಿ ಸೋದರತ್ತೆಯ ದಮ್ಮು ಜೋರಾಗಿ, ದವಾಖಾನೆಗೆಂದು ಬಂದವರು ನಾಲ್ಕು ದಿನ ಕಾಕಾನ ಮನೆಯಲ್ಲೇ ಉಳಿದರು. ಕಾಕಾ ಬಿಟ್ಟಾರೆಯೇ? ಅವರ ತಲೆಗೂ ಹೆಡ್‌ಫೋನು ಏರಿಸಿ, ಒಂದಾದ ಮೇಲೊಂದು ಮಾರ್ದನಿ ಕೇಳಿಸಿದರು.

"ಅಕ್ಕಾ, ನಮ್ಮ ಪಡಸಾಲ್ಯಾಗ ಬರತಿದ್ದ ದನಿ ಇದರಾಗ ಯಾವುದು?"

ಅತ್ತೆ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಯಾವುದೂ ಅಲ್ಲೋ ತಮ್ಮಾ. ಅದು ಮಣ್ಣಿನ ಪಡಸಾಲಿ, ತುಂಬ ಜ್ವಾಳದ ಚೀಲ. ಅಲ್ಲಿ ಎಲ್ಲೀ ಮಾರ್ದನಿ? ನಾ ಹಾಡತಿದ್ದೆ, ಅವ್ವ ಒಳಗ ಒಲಿ ಮುಂದ ಕುಂತು ಅದ ಸಾಲು ತಿರುಗಿ ಹೇಳತಿದ್ಲು. ಸೋಬಾನ ಅಂದ್ರ ಹಂಗ ಅಲ್ಲೇನು? ಒಬ್ಬಾಕಿ ಎತ್ತಬೇಕು, ಒಬ್ಬಾಕಿ ತಿರುಗಿ ಹೇಳಬೇಕು. ನೀ ಭಾಳ ಸಣ್ಣಾಂವ ಇದ್ದಿ."

ಆ ಅವ್ವ, ನಮ್ಮ ಅಜ್ಜಿ, ತೀರಿಕೊಂಡಾಗ ಕಾಕಾನಿಗೆ ಬುದ್ಧಿ ತಿಳಿದಿರಲಿಲ್ಲ. ಅಜ್ಜಿಯದೊಂದು ಫೋಟೋ ಕೂಡ ನಮ್ಮ ಬಳಗದಲ್ಲಿ ಯಾರ ಹತ್ತಿರವೂ ಇಲ್ಲ. ತಾಯಿಯ ಮುಖ ನೆನಪಿಲ್ಲ ಎಂದು ಅವರು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಮುಖವಿರಲಿಲ್ಲ, ದನಿಯಿತ್ತು. ಅದನ್ನು ಪಾಪ, ಇಷ್ಟು ವರ್ಷ ಮನೆಯದು ಎಂದುಕೊಂಡಿದ್ದರು. ನನಗೆ ಅವರ ಕಡೆ ನೋಡುವುದಾಗಲಿಲ್ಲ.

ಕಾಕಾ ಪರದೆಯ ಮೇಲಿನ ಆ ಹಾಲ್, ಚರ್ಚು, ಗುಹೆಗಳನ್ನು ಒಂದೊಂದಾಗಿ ಮುಚ್ಚಿದರು. ಆಮೇಲೆ ಮೈಕನ್ನು ಕೋಣೆಯಿಂದ ಪಡಸಾಲೆಗೆ ತಂದು ಅತ್ತೆಯ ಮುಂದೆ ಇಟ್ಟು, "ಬಟನ್ ಒತ್ತೋ" ಎಂದು ನನಗೆ ಹೇಳಿ ಅಡುಗೆಮನೆಗೆ ಹೋದರು. ಚಿಗವ್ವ ಒಲೆ ಆರಿಸಿ ಸರಿದಳು. ಕಾಕಾ ಅಲ್ಲೇ ನೆಲದ ಮೇಲೆ ಕುಳಿತರು.

ಅತ್ತೆ ಉಸಿರು ಕೂಡಿಸಿಕೊಂಡು ಒಂದು ಸಾಲು ಹಾಡಿ, ಕಣ್ಣು ಮುಚ್ಚಿ ಕಾಯ್ದರು. ಒಳಗಿನಿಂದ ಕಾಕಾನ ಒಡಕು ದನಿ, ಎಲ್ಲಿಯೂ ಶ್ರುತಿಗೆ ನಿಲ್ಲದ ದನಿ, ಆ ಸಾಲನ್ನು ತಿರುಗಿ ಹೇಳಿತು. ಅತ್ತೆ ಮುಂದಿನ ಸಾಲು ಎತ್ತಿಕೊಂಡರು.