ಮಹಾನಂದಾದೇವಿಯ ಮೀಸೆಪರ್ವ

ಹೆಬ್ಬೆರಳನ್ನು ಯಂತ್ರದ ಮೇಲೊತ್ತಿ ಹಾಜರಿ ಹಾಕುವ ಯುಗದಲ್ಲಿ, ಇಂಟರ್ನಲ್ ಮಾರ್ಕ್ಸೇ ಪುಣ್ಯವೆಂದೂ ಬ್ಯಾಕ್‌ಲಾಗೇ ಪಾಪವೆಂದೂ ಲೋಕ ನಂಬಿದ್ದ ಕಾಲದಲ್ಲಿ, ಕರಿಮಣ್ಣಿನ ಸೀಮೆಯ ಗುಡ್ಡವೊಂದರ ನೆತ್ತಿಯ ಮೇಲೆ ಬೇವಿನ ಮರಗಳ ಸೈನ್ಯದಿಂದ ಸುತ್ತುವರಿದು ಮೆರೆಯುತ್ತಿದ್ದ ವಿಶ್ವವಿದ್ಯಾಲಯದೊಳಗೆ, ಗ್ರಂಥಾಲಯದ ಹಿಂದೆ, ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ, ತಗಡಿನ ಕಿರೀಟ ಧರಿಸಿ ಕುಳಿತಿದ್ದ ನಾಟಕ ವಿಭಾಗದಲ್ಲಿ ನಡೆದ ಆ ಘೋರಸಮರವನ್ನು ಹೇಳಲು, ಎಲೈ ವಾಗ್ದೇವಿಯೇ, ಹೇಳುವ ನಾಲಗೆಗೆ ಬಲ ಕೊಡು. ಆನೆ ಕುದುರೆಗಳಿಲ್ಲದ ಯುದ್ಧವೆಂದು ಮೂಗು ಮುರಿಯಬೇಡ. ಕುದುರೆ ಒಂದಿತ್ತು. ಅದು ರಟ್ಟಿನದು, ಅದರ ಬಾಲವನ್ನು ಹಿಂದಿನ ಮಳೆಗಾಲದಲ್ಲಿ ಇಲಿ ತಿಂದಿತ್ತು.

ಆ ಸಮರದ ನಾಯಕಿ ಮಹಾನಂದಾ ಕೋರಿಶೆಟ್ಟರ. ಸಹಸ್ರರೊಟ್ಟಿತಾಡನಕರ್ಕಶಕರತಲೆ, ಶ್ವಶುರಶುಶ್ರೂಷಾಧುರಂಧರೆ, ಬಂಧುಬಳಗವಿವಾಹಪಂಕ್ತಿಪರಿವೇಷಣಪ್ರವೀಣೆ. ಮಕ್ಕಳಿಬ್ಬರೂ ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಐವತ್ತರ ಹೊಸ್ತಿಲಲ್ಲಿ ನಿಂತು, ಮನೆಯವರಿಗೆ "ಎಂ.ಎ. ಮಾಡ್ತೀನಿ" ಎಂದಷ್ಟೇ ಹೇಳಿ, ಯಾವ ಎಂ.ಎ. ಎಂಬುದನ್ನು ಸೀಟು ಸಿಕ್ಕ ಮೇಲೆ ಹೇಳಿದ ಚತುರೆ.

ವಿಭಾಗಕ್ಕೆ ಕಾಲಿಟ್ಟ ಮೊದಲ ವಾರವೇ ಗುರುಗಳಾದ ಇನಾಮದಾರ ಸರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭಾಳ ಚೊಲೋ ಆತು. ನಮ್ಮ ಹತ್ರ ತಾಯಿ ಇರಲಿಲ್ಲ" ಎಂದಿದ್ದರು. ಅಂದಿನಿಂದ ಅವಳು ತಾಯಿ. ಮದುಮಗಳ ತಾಯಿ, ಕಳ್ಳನ ತಾಯಿ, ಹುತಾತ್ಮನ ತಾಯಿ. ಒಮ್ಮೆ ಇಡೀ ನಾಡಿಗೇ ತಾಯಿಯಾಗಿ, ಬಾವುಟ ಹಿಡಿದು, ಒಂದೂ ಮಾತಿಲ್ಲದೆ ನಾಟಕ ಮುಗಿಯುವವರೆಗೆ ನಿಂತಿದ್ದಳು. ಮಿಕ್ಕ ಎಲ್ಲದರಲ್ಲೂ ಅತ್ತಳು. ಸಹಪಾಠಿಗಳು ಅವಳ ಹೆಸರನ್ನೇ ಮರೆತು "ಅವ್ವಾರ" ಎಂದರು. ಅದಕ್ಕೆ ತಕ್ಕಂತೆ ಅವಳ ಊಟದ ಡಬ್ಬಿಯೂ ದೊಡ್ಡದಾಯಿತು.

ಆದರೆ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ವಿದ್ಯಾರ್ಥಿಗಳೇ ತಮ್ಮ ದೃಶ್ಯ ಆರಿಸಿಕೊಳ್ಳಬಹುದಿತ್ತು, ಒಬ್ಬರೇ ಆಗಲಿ, ಜೋಡಿಯಾಗಲಿ. ಮಹಾನಂದಾ ಆರಿಸಿಕೊಂಡದ್ದು ದಿಗ್ವಿಜಯಕ್ಕೆ ಹೊರಟ ಉಗ್ರಪ್ರತಾಪ ಮಹಾರಾಜನ ಗರ್ಜನೆಯನ್ನು. ಇನ್ನು ಯಾರೂ ಅವಳಿಗೆ ರಾಜನ ಪಾರ್ಟು ಕೊಡುವವರಿರಲಿಲ್ಲ. ಇದೇ ಮೊದಲು, ಇದೇ ಕಡೆ. ಕುಕ್ಕರಿನ ಸೀಟಿಯ ಮರೆಯಲ್ಲಿ ಅವಳು ಆ ಗರ್ಜನೆಯನ್ನು ಕಲಿತಳು. ಸೀಟಿ ನಿಂತಾಗ ತಾನೂ ನಿಲ್ಲುವಳು, ಕೂಗಿದಾಗ ತಾನೂ ಕೂಗುವಳು. ಹೀಗಾಗಿ ಮಹಾರಾಜನ ಮಾತಿಗೆ ಬೇಳೆ ಬೇಯುವ ಲಯ ಬಂದಿತ್ತು.

ರಾಜನಿಗೆ ಮೀಸೆ ಬೇಕು. ಇದು ಅವಳಿಗೆ ಬರೀ ವೇಷದ ಮಾತಾಗಿರಲಿಲ್ಲ. ತವರಿನಲ್ಲಿ ಅಪ್ಪ ಮೀಸೆಯ ಮೇಲೆ ಕೈಯಾಡಿಸಿದರೆ ಹೆಂಗಸರೆಲ್ಲ ಒಳಗೆ ಸರಿಯುತ್ತಿದ್ದರು. ಮಾವನ ಮೀಸೆ ಚಹಾದ ಕಪ್ಪಿನಲ್ಲಿ ಅದ್ದಿ ಎದ್ದರೆ ಆ ಕಪ್ಪು ತೊಳೆಯುವವಳು ಇವಳು. ಗಂಡನ ಮೀಸೆ ತೆಳುವಾದದ್ದೇ, ಆದರೂ ಅದು ಒಮ್ಮೆ ಅಲುಗಿದರೆ ಮಾತು ಮುಗಿಯಿತೆಂದು ಅರ್ಥ. ಆ ಕೂದಲಿನ ಕೆಳಗೆ ಏನಿದ್ದೀತು, ಯಾವ ಧೈರ್ಯದ ಬುಗ್ಗೆ ಅಲ್ಲಿ ಉಕ್ಕುತ್ತಿದ್ದೀತು ಎಂದು ಒಮ್ಮೆ ಹಚ್ಚಿಕೊಂಡು ನೋಡುವ ಆಸೆ ಅವಳಿಗೆ.

ವಿಭಾಗದ ಕಬ್ಬಿಣದ ಟ್ರಂಕಿನಲ್ಲಿ ಮೀಸೆಯೆಂಬುದು ಒಂದೇ ಉಳಿದಿತ್ತು. ಅಸಲಿ ಕೂದಲಿನದು, ಎಮ್ಮೆಯ ಕೋಡಿನಂತೆ ಎರಡೂ ಕಡೆ ಮೇಲೆದ್ದದ್ದು, ನುಸಿಗುಳಿಗೆಯ ವಾಸನೆಯಿಂದ ದೂರದವರನ್ನೂ ನಡುಗಿಸುವಂಥದ್ದು. ವಿಭಾಗದ ವಾಡಿಕೆ ಹೀಗಿತ್ತು: ಪರೀಕ್ಷೆಯ ದಿನ ವೇದಿಕೆಯ ನಡುವೆ ಟ್ರಂಕನ್ನಿಟ್ಟು ಪೂಜೆ ಮಾಡುವುದು, ಕರ್ಪೂರ ಆರಿದ ಕೂಡಲೇ ಯಾರ ಕೈ ಯಾವ ವಸ್ತುವಿನ ಮೇಲೆ ಮೊದಲು ಬೀಳುತ್ತದೋ ಅದು ಆ ದಿನ ಅವರದು. ಗುರುಗಳೂ ಅಡ್ಡ ಬರುವಂತಿಲ್ಲ.

ಆ ಬೆಳಿಗ್ಗೆ ಮನೆ ಬಿಡುವಾಗ ಅವಳ ಪತಿ, ವೃತ್ತಪತ್ರಿಕಾಂತರ್ಧಾನರಾದ ಈರಣ್ಣನವರು, ಪೇಪರಿನ ಹಿಂದಿನಿಂದಲೇ "ಬರೂಮುಂದ ಹಾಲು ತಗೊಂಡು ಬಾ. ಮತ್ತ ಸೋರೂ ಪಾಕೀಟ ತರಬ್ಯಾಡ" ಎಂದಿದ್ದರು. ಹಾಲಿನ ಅಂಗಡಿಯ ಬಸಣ್ಣ ಸೋರುವ ಪ್ಯಾಕೆಟ್ಟನ್ನು ಅವಳಿಗೇ ದಾಟಿಸುವನು. ಬದಲಿಸಿ ಕೊಡೆಂದರೆ "ಇರೂದ ಇಷ್ಟ ಅಕ್ಕಾರ" ಎನ್ನುವನು. ರಣಕ್ಕೆ ಹೊರಟವರನ್ನು ಆರತಿ ಎತ್ತಿ ಕಳಿಸುವುದು ಪದ್ಧತಿ. ಮಹಾನಂದಾದೇವಿಗೆ ಇಷ್ಟೇ ಆಯಿತು.

ಕರ್ಪೂರ ಆರಿತು. ಟ್ರಂಕಿನೊಳಗೆ ಕೈಗಳು ಧುಮುಕಿದವು. ಮಹಾನಂದಾ ಮೀಸೆಯ ಬಲದ ತುದಿಯನ್ನು ಹಿಡಿದಳು. ಎಡದ ತುದಿಯನ್ನು ಹಿಡಿದ ಕೈ ಇನ್ನೊಂದಿತ್ತು.

ಅದು ನಾಗಲಿಂಗ ಬಡಿಗೇರನ ಕೈ. ವ್ಯಾಯಾಮಶಾಲಾಪೋಷಿತಪೀನಭುಜ, ದರ್ಪಣಾವಲೋಕನಲೋಲ, ಕ್ಯಾಂಟೀನುಕಂಪನಕಂಠ. ವಯಸ್ಸಿನಲ್ಲಿ ಅವಳ ಹಿರಿಮಗನಿಗಿಂತ ಚಿಕ್ಕವನು. ಹಾಜರಿಯಲ್ಲಿ ಅವಳಿಗಿಂತ ಒಂದೇ ನಂಬರು ಮುಂದಿನವನು. ಅವನೂ ಅಂದು ರಾಜನೇ.

"ಅವ್ವಾರ, ಬಿಡ್ರಿ. ಮೀಸಿ ನಂದು."

"ನಿಂದು ನಿನ್ನ ಮಾರಿ ಮ್ಯಾಲ ಐತಲ್ಲ, ಅದನ್ನ ತೀಡಿಕೊಂಡು ಹೋಗು."

"ಅದು ಚಿಗುರು ಮೀಸಿರಿ! ಲೈಟ್ ಬಿದ್ರ ಕಾಣೂದ ಇಲ್ಲ. ಹಿಂದ ಕುಂತವ್ರಿಗೆ ನಾ ರಾಜಕುಮಾರಿ ಕಂಡಂಗ ಕಾಣ್ತೀನಿ."

"ಹಂಗಾರ ರಾಜಕುಮಾರಿ ಪಾರ್ಟ್ ಮಾಡು. ನನಗಂತೂ ಅದನ್ನೂ ಯಾರೂ ಕೊಡಲಿಲ್ಲ."

"ಮೊದಲ ನಾ ಹಚ್ಕೊಂಡು ಮುಗಿಸಿ ಕೊಡ್ತೀನ್ರಿ ಅವ್ವಾರ."

"ಸ್ಪಿರಿಟ್ ಗಮ್ ಹಚ್ಚಿದ ಮೀಸಿ ಕೊಬ್ಬರಿ ಎಣ್ಣಿ ಹಚ್ಚಿ ಅರ್ಧಾ ತಾಸು ತಿಕ್ಕಿದ್ರೂ ಬಿಡಂಗಿಲ್ಲ. ನಿನ್ನ ಹಿಂದ ನನ್ನ ನಂಬರ. ನಿನ್ನ ತುಟಿ ಸಮೇತ ಕಿತ್ತು ಹಚ್ಕೊಳ್ಳೇನು?"

ಹೀಗೆ ವಾಗ್ಬಾಣಗಳು ಹಾರಾಡಲಾಗಿ, ಆ ಮೀಸೆಯು ಇಬ್ಬರ ನಡುವೆ ಬಿಲ್ಲಿನ ಹೆದೆಯಂತೆ ಬಿಗಿದು, ಒಂದೊಂದೇ ಕೂದಲನ್ನು ರಣಭೂಮಿಗೆ ಬಲಿಗೊಡತೊಡಗಿತು. ಆಗ ನಾಗಲಿಂಗನು ಎದೆಯುಬ್ಬಿಸಿ ವೀರಾಲಾಪಕ್ಕಿಳಿದನು.

"ನಾ ಯಾರಂತ ತಿಳಿದೀರಿ? ಯುವಜನೋತ್ಸವದಾಗ ನನಗ ಮೈಕ್ ಬೇಕಾಗಲಿಲ್ಲ! ನಾ ಇಲ್ಲಿ ಒಮ್ಮಿ ನಕ್ರ ಆಚಿ ಬಿಲ್ಡಿಂಗಿನ ಇಕನಾಮಿಕ್ಸ್ ಕ್ಲಾಸ್ ನಿಂತು ಹೋಗ್ತೈತಿ! ಮತ್ತ ಅವ್ವಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ಮೀಸಿ ಅಂದ್ರ ಗಂಡಸರ ವಸ್ತು. ನಿಮಗ ತಾಯಿ ಪಾರ್ಟ್ ಅಂದ್ರ ಹೂ ಎತ್ತಿದಂಗ. ಒಂದೀಟು ಅತ್ರ ಸಾಕು, ಪಾಸು."

ಇದನ್ನು ಕೇಳಿ ಮಹಾನಂದಾದೇವಿಯ ಸೆರಗು ತಾನಾಗಿ ಸೊಂಟಕ್ಕೆ ಸಿಕ್ಕಿತು. ಬಹುಕಾಲ ಕೂಗದೆ ತಡೆದಿದ್ದ ಕುಕ್ಕರೊಂದು ಅವಳ ಎದೆಯಲ್ಲಿ ಕೂಗಿತು.

"ಅತ್ರ ಸಾಕಾ? ಬಂದಾಗಿಂದ ಅದನ್ನ ಮಾಡೀನಲ್ಲೋ! ನಿನ್ನ ಮದುವ್ಯಾಗ ಅತ್ತೀನಿ, ನೀ ಜೇಲಿಗೆ ಹೋದಾಗ ಅತ್ತೀನಿ, ನಿನ್ನ ಹೆಣದ ಮುಂದ ಅತ್ತೀನಿ. ಪ್ರತಿ ನಾಟಕದಾಗ ನನ್ನ ತೊಡಿ ಮ್ಯಾಲ ಬಿದ್ದು ಸಾಯ್ತೀ, ಸತ್ತಮ್ಯಾಲ ಒಂದು ಸಲಾನರ ಉಸಿರು ಹಿಡಿದಿಯೇನು? ನಿನ್ನ ಹೊಟ್ಟಿ ಏರಿಳಿಯೂದು ಮಂದಿಗೆ ಕಾಣಬಾರದಂತ ಸೆರಗು ಹೊಚ್ಚಿ, ಅದರ ಮ್ಯಾಲ ಬಿದ್ದು ಉಳ್ಳಾಡಿ ಅತ್ತಾಕಿ ನಾನು! ಮಂದಿ ಚಪ್ಪಾಳಿ ಹೊಡದದ್ದು ನಿನ್ನ ಸಾವಿಗೆ. ಮನಿಯಾಗೂ ಅದ, ಇಲ್ಲೂ ಅದ. ಎಲ್ಲಾರ ಹೊಟ್ಟಿ ಮುಚ್ಚೂದು, ಎಲ್ಲಾರ ಹೊಟ್ಟಿ ತುಂಬಿಸೂದು. ನನಗ ಒಂದ ಸಲ, ಒಂದ ಸಲ ಯಾರ ತಾಯಿನೂ ಅಲ್ಲದ ನಿಂದ್ರಬೇಕಾಗೈತಿ. ಬಿಡೋ ಮೀಸಿ!"

ನಾಗಲಿಂಗ ಬಿಟ್ಟ. ಬೆಚ್ಚಿ ಬಿಟ್ಟನೋ ನಾಚಿ ಬಿಟ್ಟನೋ ತಿಳಿಯದು. ಎಳೆಯುತ್ತಿದ್ದ ವೇಗಕ್ಕೆ ಮಹಾನಂದಾದೇವಿಯು ಮೀಸೆಸಹಿತಳಾಗಿ ಹಿಂದಕ್ಕೆ ಸರಿದು ರಟ್ಟಿನ ಕುದುರೆಯ ಮೇಲೆ ಕುಕ್ಕರಿಸಿದಳು.

ಆಗ ಕತ್ತಲಲ್ಲಿದ್ದ ಮುಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು.

ಹೊರಗಿನ ಪರೀಕ್ಷಕರು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ವೇದಿಕೆಯ ಮೇಲೆ ಬೆಳಕಿತ್ತು, ನಡುವೆ ಟ್ರಂಕಿತ್ತು, ಇಬ್ಬರು ಕೂಗಾಡುತ್ತಿದ್ದರು. ನಾಟಕದವರಿಗೆ ಇಷ್ಟು ಕಂಡರೆ ಬೇರೇನೂ ತೋಚುವುದಿಲ್ಲ. ಪರೀಕ್ಷೆ ಶುರುವಾಗಿದೆಯೆಂದುಕೊಂಡು ಸದ್ದಿಲ್ಲದೆ ಕುಳಿತು ಮಾರ್ಕ್ಸ್ ಹಾಕಿ ಮುಗಿಸಿದ್ದರು. ಅವರ ಹಿಂದೆ ನಿಂತ ಇನಾಮದಾರ ಸರ್, ಎರಡೂ ಕೈ ಜೋಡಿಸಿ, ಬಾಯಿ ಮುಚ್ಚಿಕೊಂಡಿರಿ ಎಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು.

"ಅದ್ಭುತ!" ಎಂದರು ಪರೀಕ್ಷಕರು. "ಆ ಮೀಸೆಯನ್ನ ಎರಡೂ ಕಡೆಯಿಂದ ಎಳೆಯೋದಿದೆಯಲ್ಲ, ಎಂಥಾ ಸಂಕೇತ! ಯಾರು ಬರೆದದ್ದು?"

"ಹುಡುಗ್ರ ಕಟ್ಟ್ಯಾರ ಸರ್. ಇಂಪ್ರೊವೈಸೇಶನ್" ಎಂದರು ಇನಾಮದಾರ ಸರ್, ಬೆವರೊರೆಸಿಕೊಳ್ಳುತ್ತ.

ಪರೀಕ್ಷಕರು ಮಹಾನಂದಾಳ ಕಡೆ ತಿರುಗಿದರು. "ಇಬ್ಬರಲ್ಲಿ ಹೆಚ್ಚು ಅಂಕ ನಿಮಗೇ ಕಣಮ್ಮ. ಎಷ್ಟು ಸಹಜ! ನಮ್ಮನೆಯವಳನ್ನೇ ನೋಡಿದ ಹಾಗಾಯ್ತು. ತಾಯಿ ಪಾತ್ರ ನಿಮಗೆ ದೇವರು ಕೊಟ್ಟ ವರ. ಮುಂದೆಯೂ ಅದನ್ನೇ ಮಾಡಿ."

"ಸರ್, ನಂದು ಇನ್ನೂ ಆಗಿಲ್ರಿ. ನಂದು ಮಹಾರಾಜನ…"

"ಅವ್ವಾರ," ಎಂದು ಇನಾಮದಾರ ಸರ್ ಹಲ್ಲಿನ ಸಂದಿಯಿಂದ ಪಿಸುಗುಟ್ಟಿದರು, "ಬಂದ ಮಾರ್ಕ್ಸ್ ಒದಿಬ್ಯಾಡ್ರಿ. ಕೆಳಗಿಳೀರಿ."

"ಮುಂದಿನವರು," ಎಂದರು ಪರೀಕ್ಷಕರು.

ಜಯಭೇರಿಯ ನಡುವೆ ಸೋತ ವೀರರಿದ್ದಾರೆಯೇ ಎಂದು ಕೇಳುವವರಿಗೆ ಇದೇ ಉತ್ತರ. ಪರೀಕ್ಷೆ ಮುಗಿದು ಎಲ್ಲರೂ ಚಹಾಕ್ಕೆ ಹೋದ ಮೇಲೂ ಮಹಾನಂದಾ ಟ್ರಂಕಿನ ಪಕ್ಕದಲ್ಲೇ ಕುಳಿತಿದ್ದಳು. ಮೀಸೆ ಅವಳ ಅಂಗೈಯಲ್ಲಿ ಸತ್ತ ಇಲಿಯಂತೆ ಬಿದ್ದಿತ್ತು. ಅದನ್ನು ಯಾರೂ ಕೇಳುವವರಿರಲಿಲ್ಲ. ಸಿಟ್ಟು ಕೂಡ ಇರಲಿಲ್ಲ ಅವಳಲ್ಲಿ. ಜೀವಮಾನದಲ್ಲಿ ಒಮ್ಮೆ ಬಾಯಿ ಬಿಟ್ಟು ಹೇಳಿದ್ದು ಪಾರ್ಟಾಗಿ ಹೋಯಿತಲ್ಲ ಎಂಬ ಒಂದು ಬೆಪ್ಪುತನ ಮಾತ್ರ.

ನಾಗಲಿಂಗ ಸ್ಪಿರಿಟ್ ಗಮ್ಮಿನ ಬಾಟಲಿ ಹಿಡಿದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಅವ್ವಾರ, ನಾ ಸತ್ತಾಗ ಖರೇನ ಹೊಟ್ಟಿ ಹಾರತಿತ್ತೇನ್ರಿ?"

"ಓಡಿ ಬಂದ ಕುದುರಿಗತೆ."

"ಹೇಳಬಾರದೇನ್ರಿ ಮತ್ತ!"

"ಹೆಣದ ಜೋಡಿ ಮಾತಾಡಬಾರದಂತ ಸರ್ ಕಲಿಸಿದ್ರಲ್ಲ."

ಅವನು ನಕ್ಕ. ಇಕನಾಮಿಕ್ಸ್ ಕ್ಲಾಸು ನಿಲ್ಲಲಿಲ್ಲ. "ಮಾರಿ ಮ್ಯಾಲೆತ್ರಿ," ಎಂದು ಗಮ್ ಹಚ್ಚಿ, ಮೀಸೆ ಅಂಟಿಸಿ, ಎರಡೂ ತುದಿ ಒತ್ತಿ, ಖಾಲಿ ಕುರ್ಚಿಗಳ ಕಡೆ ಅವಳನ್ನು ತಿರುಗಿಸಿ ನಿಲ್ಲಿಸಿದ. ತಾನು ಬಾಲವಿಲ್ಲದ ಕುದುರೆಯನ್ನು ಹಿಡಿದು ಪಕ್ಕದಲ್ಲಿ ನಿಂತ.

ಆಗ ಕೇಳಿತು ನೋಡಿ, ತಗಡಿನ ಮಾಡು ಝಲ್ಲೆನ್ನುವಂಥ ಧ್ವನಿ: "ಎಲೈ ದಿಕ್ಕುಗಳಿರಾ, ಕಣ್ಣು ಮುಚ್ಚಿ ನಿಲ್ಲಿರಿ! ಉಗ್ರಪ್ರತಾಪನ ಕುದುರೆಯ ಧೂಳು ಬಿದ್ದೀತು! ಎಲೈ ಸೂರ್ಯನೇ, ನಾನು ಮೀಸೆ ತಿರುವಿ ಅಪ್ಪಣೆ ಕೊಡುವವರೆಗೆ ಮುಳುಗಬೇಡ! ಹೇಳದೆ ಕೇಳದೆ ಕತ್ತಲಾಗುವ ರಾಜ್ಯ ನನ್ನದಲ್ಲ!"

ಬೇಳೆ ಬೇಯುವ ಲಯ ಕೊನೆಯವರೆಗೂ ತಪ್ಪಲಿಲ್ಲ. ಮೀಸೆಯ ಕೆಳಗೆ ಏನಿರುತ್ತದೆ ಎಂಬುದೂ ಅವಳಿಗೆ ಅಂದು ತಿಳಿಯಿತು: ತುರಿಕೆ.

ವಿಭಾಗದ ಕೊಬ್ಬರಿ ಎಣ್ಣೆಯ ಶೀಶೆ ಖಾಲಿಯಾಗಿತ್ತು. "ಇರಲಿ ಬಿಡೋ, ಮನ್ಯಾಗ ತಿಕ್ಕೋತೀನಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಬಸ್ಸಿಗೆ ಹೊರಟಳು.

"ಹೋಗಿ ಬರ್ರಿ, ಮಹಾರಾಜ್ರ," ಎಂದ ನಾಗಲಿಂಗ. ಅವ್ವಾರ ಎನ್ನಲಿಲ್ಲ.

ಮನೆಯಲ್ಲಿ ಈರಣ್ಣನವರು ಪೇಪರು ಸರಿಸಿ ನೋಡಿದರು. ಹೆಂಡತಿಯನ್ನು ನೋಡಿದರು, ಮೀಸೆಯನ್ನು ನೋಡಿದರು. ತಮ್ಮ ಮೂಗಿನ ಕೆಳಗೊಮ್ಮೆ ಮುಟ್ಟಿ ನೋಡಿಕೊಂಡರು. ತಮ್ಮದು ಸ್ವಸ್ಥಾನದಲ್ಲೇ ಇತ್ತು.

"ಹಾಲು?" ಎಂದರು.

ದಿಕ್ಕುಗಳನ್ನು ಗದರಿಸಿ ಬಂದ ಉಗ್ರಪ್ರತಾಪ ಮಹಾರಾಜನು ಹಾಲು ಮರೆತಿದ್ದನು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಸಂಜೆಯ ಓಣಿಯಲ್ಲಿ ನಡೆದನು. ಸೂರ್ಯ ಅಪ್ಪಣೆ ಕೇಳದೆ ಮುಳುಗುತ್ತಿದ್ದ. ಸೆರಗು ಈಗ ಬಾಯಿಯ ಮೇಲಿರಲಿಲ್ಲ, ಸೊಂಟದಲ್ಲಿತ್ತು.

ಬಸಣ್ಣ ಅವಳ ಸೀರೆ ಕಂಡೊಡನೆ ವಾಡಿಕೆಯಂತೆ ಪ್ಯಾಕೆಟ್ ದಾಟಿಸಿ, ಆಮೇಲೆ ತಲೆಯೆತ್ತಿದ. "ತಗೋರಿ, ಅಕ್ಕಾ…" ಎಂದವನ ಮಾತು ಅಲ್ಲೇ ನಿಂತಿತು.

ಪ್ಯಾಕೆಟ್ಟಿನ ಮೂಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಮಹಾನಂದಾ ಅದನ್ನು ಕಟ್ಟೆಯ ಮೇಲಿಟ್ಟಳು. ಬಲದ ತುದಿಯನ್ನೊಮ್ಮೆ ತಿರುವಿದಳು.

"ಬ್ಯಾರೇದು," ಎಂದಳು.

ಬಸಣ್ಣ ಬದಲಿಸಿ ಕೊಟ್ಟ. ಉಗ್ರಪ್ರತಾಪನ ದಿಗ್ವಿಜಯದಲ್ಲಿ ಕೈವಶವಾದದ್ದು ಅದೊಂದೇ, ಅರ್ಧ ಲೀಟರು. ಸೋರುತ್ತಿರಲಿಲ್ಲ.