ಎದುರಿಗೆ ಬಂದ ಸೊಟ್ಟ ಬಂಪರು

ಆ ದಿನ ಬೆಳಿಗ್ಗೆ ಹಂಡೆಗೆ ನೀರು ತುಂಬಿದೆ, ಕಂದೀಲಿನ ಗಾಜು ಒರೆಸಿದೆ, ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ, ಕಾರು ತೊಳೆದೆ, ಒಂದು ಸುಳ್ಳು ಹೇಳಿದೆ. ಹತ್ತು ಗಂಟೆಯೊಳಗೆ ಎಲ್ಲ ಮುಗಿಯಿತು.

ಹದಿನೈದು ದಿನದಿಂದ ಬಾಗೇವಾಡಿಯ ನಮ್ಮ ಮನೆಯಲ್ಲಿದ್ದ ಅತ್ತೆಯವರನ್ನು ಅಂದು ನಾನು ಕಾರಿನಲ್ಲಿ ಅವರ ಊರು ಹೊರ್ತಿಗೆ ಬಿಡಬೇಕಿತ್ತು. ಆದರೆ ಅಂದೇ ಮನಗೂಳಿಯ ಚಹಾದಂಗಡಿಯ ಮುಂದೆ ನಮ್ಮ ಪಂದ್ಯ. ನಾಲ್ಕು ತಾಲೂಕಿನ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ. ಇಂಡಿಯ ವಕೀಲರು, ಸಿಂದಗಿಯ ಡಾಕ್ಟರರು, ಮುದ್ದೇಬಿಹಾಳದ ಹತ್ತಿ ಸಾಹುಕಾರರು, ನಾನು: ನಾಲ್ವರಿಗೂ ಕಾರಿನ ಹುಚ್ಚು. ದೂರದಲ್ಲಿ ಧೂಳೆದ್ದ ಕೂಡಲೇ ಯಾರ ಕಾರೆಂದು ಹೇಳಬೇಕು. ನಂಬರು ಓದುವುದು ಕಾಪಿ ಹೊಡೆದಂತೆ! ಗೆದ್ದವರಿಗೆ ಒಂದು ವರ್ಷ ಹಿತ್ತಾಳೆಯ ಪೋಂ ಪೋಂ ಹಾರ್ನು. ಮೂರು ವರ್ಷದಿಂದ ಅದು ವಕೀಲರ ಕಾರಿನಲ್ಲೇ ಕೂಗುತ್ತಿತ್ತು. ಈ ಸಲ ನನಗೆ ಬೇಕೇ ಬೇಕಿತ್ತು.

“ಗಾಡಿ ಚಾಲೂ ಆಗವಲ್ದು” ಎಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ವಕೀಲರೂ ನಾನೂ ಸಮ. ಮುಂದಿನ ಕಾರೇ ತೀರ್ಪು. ಬಾಗೇವಾಡಿ ಕಡೆಯಿಂದ ಧೂಳೆದ್ದಿತು. ಒಂದು ಕಡೆ ವಾಲಿದ ಮೈ, ಸೊಟ್ಟ ಬಂಪರು. ವಕೀಲರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು ಸಾರಿದೆ:

“ಇದು ನಮ್ಮ ಸೀಮಿ ಗಾಡಿ ಅಲ್ರಿ. ಇದನ್ನ ಇಟಗೊಂಡಾಂವಗ ಗಾಡಿ ಅಂದ್ರೇನಂತ ಗೊತ್ತಿಲ್ಲ.”

ಮೂವರೂ ಮುಖ ಮುಖ ನೋಡಿಕೊಂಡರು. ಕಾರು ನನ್ನ ಮುಂದೆಯೇ ಬಂದು ನಿಂತಿತು. ಓಡಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ. ಹಿಂದೆ ಹೆಂಡತಿ. ಇನ್ನೊಂದು ಕಿಟಕಿಯಿಂದ ಅತ್ತೆಯವರ ತಲೆ ಹೊರಬಂತು. ನನ್ನ ಕೈಯ ಚಹಾದ ಬಸಿ ನೆಲಕ್ಕೆ ಬಿತ್ತು. ನಾನೇ ಆರು ವರ್ಷ ಓಡಿಸಿದ ಕಾರು! ತೊಳೆಯುವಾಗ ಅದು ನಿಂತದ್ದನ್ನು ನೋಡಿದ್ದೆ. ಎದುರಿಗೆ ಓಡಿ ಬರುವುದನ್ನು ಒಂದು ದಿನವೂ ನೋಡಿರಲಿಲ್ಲ. ಯಾವಾಗಲೂ ನಾನು ಒಳಗೇ ಇರುತ್ತಿದ್ದೆನಲ್ಲ!

ನಾನು ಹೊರಟ ಮೇಲೆ ಮನೆಗೆ ಬಂದ ಅವಳ ತಮ್ಮ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಯಿತಂತೆ. ಹೆಂಡತಿ ಹೇಳಿದ್ದು ಇಷ್ಟೇ. ನಾನಾಡಿದ ಮಾತನ್ನು ವಕೀಲರು ಒಂದಕ್ಷರ ಬಿಡದೆ ಅತ್ತೆಯವರಿಗೆ ಒಪ್ಪಿಸಿದರು.

ಅತ್ತೆಯವರು ನಗಲಿಲ್ಲ. “ಅಳಿಯಾರ, ಇಂಥಾ ಕೆಟ್ಟ ಗಾಡಿಯೊಳಗ ಹೊರ್ತಿತನಕಾ ಹ್ಯಾಂಗ ಹೋಗ್ಲಿ? ಪೂರಾ ರಿಪೇರಿ ಆಗೂಮಟ ನಿಮ್ಮನ್ಯಾಗ ಇರ್ತೇನಿ” ಎಂದರು.

ಕಾರು ಬಾಗೇವಾಡಿಗೆ ತಿರುಗಿತು. ಹಿಂದಿನಿಂದ ಪೋಂ ಪೋಂ ಕೇಳಿಸಿತು, ವಕೀಲರ ಕಾರಿನಿಂದ.

ರಾತ್ರಿ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಉಂಡೆವು. ಮೊದಲು ನಿದ್ದೆ ಹೋದವರು ಅತ್ತೆಯವರು, ನನ್ನ ಮಂಚದ ಮೇಲೆ.